ಕೂತರೆ ಕಾಲು ಸುಮ್ಮನಿರದವರಿಗೆ ದೂರದ ವಿಮಾನ ಪ್ರಯಾಣ: ಬೆಂಗಳೂರಿನಿಂದ ಹೊರಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಕೂತರೆ ಕಾಲು ಎಳೆಯುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹಗುರ. ಮತ್ತೆ ಕೂತರೆ ಮತ್ತೆ ಶುರು. ಸಂಜೆಯ ಮೇಲೆ ಜಾಸ್ತಿ, ರಾತ್ರಿ ಇನ್ನೂ ಜಾಸ್ತಿ. ನಿಮ್ಮ ಪಾಡೂ ಇದೇ ಆಗಿದ್ದರೆ, ಹತ್ತು ಗಂಟೆಯ ವಿಮಾನ ಅಂದಾಕ್ಷಣ ಎದೆ ಧಸಕ್ ಅನ್ನುವುದು ಸಹಜ. ನಾನೂ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಇಟ್ಟುಕೊಂಡೇ ಓಡಾಡುವವಳು. ಮಕ್ಕಳು ಹೊರದೇಶದಲ್ಲಿದ್ದಾರೆ, ಹೋಗದೆ ಇರಲು ಆಗುವುದಿಲ್ಲ.

ಎಲ್ಲರೂ ವಿಮಾನದೊಳಗೆ ಏನು ಮಾಡಬೇಕು ಅಂತ ಕೇಳುತ್ತಾರೆ. ಅದಕ್ಕಿಂತ ದೊಡ್ಡ ಕೆಲಸ ವಿಮಾನ ಹತ್ತುವ ಮೊದಲೇ ಇದೆ. ಮೂರು ತಿಂಗಳ ಮುಂಚೆ ಒಂದು ರಕ್ತ ಪರೀಕ್ಷೆ, ಟಿಕೆಟ್ ಕೊಳ್ಳುವಾಗ ಸರಿಯಾದ ಹೊತ್ತು, ಸರಿಯಾದ ಸೀಟು. ಜೊತೆಗೆ, ಪ್ರಯಾಣಕ್ಕೆ ಅಂತ ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಕೆಲವು ಮಾತ್ರೆಗಳನ್ನು ಕೊಳ್ಳದೆ ಇರುವುದು. ಇಷ್ಟು ಸರಿಯಾದರೆ ವಿಮಾನದೊಳಗಿನ ಕಷ್ಟ ಅರ್ಧ ಇಳಿಯುತ್ತದೆ.

ಇದು ಅದೇನಾ?

ಕಾಲುನೋವೆಲ್ಲ ಈ ಕಾಯಿಲೆ ಅಲ್ಲ. ಡಾಕ್ಟರು ನೋಡುವ ಲಕ್ಷಣಗಳು ಇವು. ಕಾಲು ಆಡಿಸಲೇಬೇಕು ಅನ್ನಿಸುವ ತಡೆಯಲಾಗದ ಒತ್ತಡ, ಅದರ ಜೊತೆಗೆ ಸಾಮಾನ್ಯವಾಗಿ ಕಾಲೊಳಗೆ ಇರುವೆ ಹರಿದ ಹಾಗೆ, ಜುಮುಜುಮು ಅಂದ ಹಾಗೆ ಒಂದು ಹಿಂಸೆ. ಕೂತಾಗ, ಮಲಗಿದಾಗ ಅದು ಶುರುವಾಗಬೇಕು. ನಡೆದರೆ, ಚಾಚಿದರೆ, ಕಡೇ ಪಕ್ಷ ಆಡಿಸುತ್ತಿರುವವರೆಗೆ ಕಡಿಮೆಯಾಗಬೇಕು. ಸಂಜೆ, ರಾತ್ರಿ ಹೆಚ್ಚಬೇಕು. ಮತ್ತು ಇದಕ್ಕೆಲ್ಲ ಬೇರೆ ಕಾಯಿಲೆ ಕಾರಣ ಆಗಿರಬಾರದು.

ಮೀನಖಂಡ ಗಂಟು ಕಟ್ಟಿಕೊಂಡು ಚೀರುವಷ್ಟು ನೋವಾದರೆ ಅದು ಸೆಳೆತ, ಬೇರೆ ವಿಷಯ. ಸಕ್ಕರೆ ಕಾಯಿಲೆಯವರಿಗೆ ಪಾದ ಉರಿಯುವುದು, ಮರಗಟ್ಟುವುದು ನರದ ತೊಂದರೆ. ಅದು ನಡೆದರೆ ಹೋಗುವುದಿಲ್ಲ. ಒಬ್ಬರಿಗೇ ಎರಡೂ ಇರಬಹುದು, ಹಾಗಾಗಿ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ.

ಇದನ್ನು ಥಾಮಸ್ ವಿಲ್ಲಿಸ್ ಅನ್ನುವ ಇಂಗ್ಲಿಷ್ ವೈದ್ಯ 1672ರಲ್ಲೇ ಬರೆದಿಟ್ಟಿದ್ದ. 1945ರಲ್ಲಿ ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್ಬೋಮ್ ವಿವರವಾಗಿ ಬರೆದ ಮೇಲೆ ಇದಕ್ಕೆ ಈಗಿನ ಹೆಸರು ನಿಂತಿತು. ನಮ್ಮಲ್ಲಿ ಮಾತ್ರ ಇನ್ನೂ ಇದು ಚಟ ಅಂತಲೇ ಲೆಕ್ಕ. ಕಾಲು ಅಲ್ಲಾಡಿಸಬೇಡ, ದರಿದ್ರ ಬರುತ್ತೆ ಅಂತ ಬೈಸಿಕೊಂಡೇ ಬೆಳೆದವರು ಎಷ್ಟೋ ಜನ. ಅವರಲ್ಲಿ ಕೆಲವರಿಗಾದರೂ ಇದು ಕಾಯಿಲೆಯೇ ಆಗಿದ್ದಿರಬೇಕು, ಅಲ್ವಾ? ಮನೆತನದಲ್ಲಿ ಹರಿದು ಬರುವ ಗುಣವೂ ಇದಕ್ಕಿದೆ. ನಿಮ್ಮ ಅಮ್ಮನೋ ಸೋದರತ್ತೆಯೋ ರಾತ್ರಿ ಕಾಲಿಗೆ ಸೀರೆಯ ತುಂಡು ಬಿಗಿದು ಕಟ್ಟಿಕೊಂಡು ಮಲಗುತ್ತಿದ್ದರಾ, ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ.

ಮೂರು ತಿಂಗಳ ಮುಂಚೆ: ಫೆರಿಟಿನ್ ನೋಡಿಸಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

ಈ ಕಾಯಿಲೆಗೂ ಮೆದುಳಿನಲ್ಲಿರುವ ಕಬ್ಬಿಣದ ಅಂಶಕ್ಕೂ ನೇರ ಸಂಬಂಧ ಇದೆ. ಮೆದುಳಿನಲ್ಲಿ ಕಬ್ಬಿಣ ಕಡಿಮೆಯಾದರೆ ಡೋಪಮೈನ್ ಅನ್ನುವ ರಾಸಾಯನಿಕದ ಲೆಕ್ಕಾಚಾರ ಏರುಪೇರಾಗುತ್ತದೆ. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಪರೀಕ್ಷೆ ಫೆರಿಟಿನ್. ಹಿಮೋಗ್ಲೋಬಿನ್ ಸರಿಯಾಗಿದೆ, ರಕ್ತ ಚೆನ್ನಾಗಿದೆ ಅಂತ ಇಲ್ಲಿ ಸುಮ್ಮನಾಗುವ ಹಾಗಿಲ್ಲ. ಹಿಮೋಗ್ಲೋಬಿನ್ 13 ಇದ್ದೂ ಫೆರಿಟಿನ್ 20ರಲ್ಲಿ ಇರಬಹುದು.

ಇನ್ನೊಂದು ತೊಡಕೂ ಇದೆ. ಫೆರಿಟಿನ್ 30, 40 ಇದ್ದರೆ ಲ್ಯಾಬ್ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ನಾರ್ಮಲ್ ಅಂತಲೇ ಬರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಈ ಕಾಯಿಲೆ ಇರುವ ದೊಡ್ಡವರಿಗೆ ಲೆಕ್ಕ ಬೇರೆ. ಫೆರಿಟಿನ್ ಒಂದು ಮಿಲಿಲೀಟರಿಗೆ 75 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನಿನಲ್ಲಿ ಎಷ್ಟು ಪಾಲು ತುಂಬಿದೆ ಅನ್ನುವ ಲೆಕ್ಕ) ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ, ಕಬ್ಬಿಣ ಕೊಡುವ ಬಗ್ಗೆ ಯೋಚಿಸಬೇಕು ಅನ್ನುವುದು ಈಗಿನ ಪದ್ಧತಿ. ಹಾಗಾಗಿ ರಿಪೋರ್ಟಿನಲ್ಲಿ ನಾರ್ಮಲ್ ಅಂತ ಇದೆಯಾ ಅಂತ ಮಾತ್ರ ನೋಡಬೇಡಿ. ಅಂಕಿ ಎಷ್ಟು ಅಂತ ನೋಡಿ.

ರಕ್ತ ಕೊಡುವುದಕ್ಕೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹಿಂದಿನ ದಿನ ನಿಲ್ಲಿಸಿ. ಜ್ವರ, ನೆಗಡಿ ಇದ್ದಾಗ ಬೇಡ, ಆಗ ಫೆರಿಟಿನ್ ಸುಳ್ಳುಸುಳ್ಳೇ ಮೇಲೆ ಕಾಣುತ್ತದೆ. ಜೊತೆಗೆ ಕಿಡ್ನಿ ಪರೀಕ್ಷೆಯೂ ಆಗಲಿ, ಏಕೆಂದರೆ ಕಿಡ್ನಿ ತೊಂದರೆ ಇರುವವರಲ್ಲಿ ಇದು ಜಾಸ್ತಿ. ಬಸುರಿಯರಲ್ಲೂ ಜಾಸ್ತಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ.

ಮೂರು ತಿಂಗಳು ಯಾಕೆ ಅಂದರೆ, ಮಾತ್ರೆಯಲ್ಲಿ ಕಬ್ಬಿಣ ಏರುವುದು ಬಹಳ ನಿಧಾನ. ಹೊರಡುವ ಹಿಂದಿನ ವಾರ ಶುರು ಮಾಡಿದರೆ ಮಲಬದ್ಧತೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಎಷ್ಟೋ ಡಾಕ್ಟರುಗಳು ಈಗ ದಿನ ಬಿಟ್ಟು ದಿನ ಕೊಡುತ್ತಾರೆ, ಹೀರಿಕೊಳ್ಳುವುದು ಹಾಗೆ ಚೆನ್ನಾಗಿ ಆಗುತ್ತದೆ. ಮಾತ್ರೆಯ ಜೊತೆ ನಿಂಬೆಹಣ್ಣಿನ ಪಾನಕವೋ ಕಿತ್ತಳೆಯೋ ಆಗಬಹುದು. ಕಾಫಿ, ಟೀ, ಹಾಲು ಬೇಡವೇ ಬೇಡ. ರಾಗಿ, ಸೊಪ್ಪು, ಕಾಳು ತಿನ್ನಿ, ಒಳ್ಳೆಯದೇ. ಆದರೆ ತಳ ಕಂಡ ದಾಸ್ತಾನು ಬರೀ ಮುದ್ದೆ ಬಸ್ಸಾರಿನಿಂದ ಮೂರು ತಿಂಗಳಲ್ಲಿ ತುಂಬುವುದಿಲ್ಲ. ಮಾತ್ರೆ ಒಗ್ಗದವರಿಗೆ ಡ್ರಿಪ್ ಮೂಲಕ ಕಬ್ಬಿಣ ಕೊಡುತ್ತಾರೆ. ಅದರ ಫಲ ಕಾಣುವುದಕ್ಕೂ ಕೆಲವು ವಾರ ಬೇಕು.

ಪರೀಕ್ಷೆ ಮಾಡಿಸದೆ ಕಬ್ಬಿಣ ನುಂಗಬೇಡಿ. ಜಾಸ್ತಿಯಾದರೆ ಲಿವರಿಗೆ ಕೆಟ್ಟದ್ದು. ಮನೆ ಹತ್ತಿರದ ಫಿಸಿಷಿಯನ್ ಇಷ್ಟನ್ನು ನೋಡಬಲ್ಲರು. ಅವರಿಂದ ಆಗದಿದ್ದರೆ ನರರೋಗ ತಜ್ಞರು. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಅಲ್ಲಿ ಜನ ಜಾಸ್ತಿ, ಬೆಳಗ್ಗೆ ಬೇಗ ಹೋಗಿ.

ಪ್ರಯಾಣದ ಮಾತ್ರೆ ಅಂತ ಕೊಳ್ಳುವ ಮುಂಚೆ

ವಾಂತಿ ಬರುತ್ತೆ ಅಂತ ಅವೋಮಿನ್, ನಿದ್ದೆ ಬರಲಿ ಅಂತ ಬೆನಾಡ್ರಿಲ್, ನೆಗಡಿಗೆ ಅವಿಲ್. ಊರಿಗೆ ಹೊರಡುವಾಗ ನಮ್ಮ ಮನೆಗಳಲ್ಲಿ ಇವು ಚೀಲಕ್ಕೆ ಬಿದ್ದೇ ಬೀಳುತ್ತವೆ. ಈ ಕಾಯಿಲೆಯವರಿಗೆ ಇವು ಬೆಂಕಿಗೆ ತುಪ್ಪ.

ಅವೋಮಿನ್‌ನಲ್ಲಿ ಇರುವುದು ಪ್ರೊಮೆಥಝೈನ್. ಅವಿಲ್‌ನಲ್ಲಿ ಫೆನಿರಮೈನ್. ಬೆನಾಡ್ರಿಲ್‌ನಂಥ ಕೆಮ್ಮಿನ ಔಷಧಿಗಳಲ್ಲಿ ಡೈಫೆನ್‌ಹೈಡ್ರಮೈನ್. ನಿದ್ದೆ ಬರಿಸುವ ಇಂಥ ಅಲರ್ಜಿ ಔಷಧಿಗಳು ಕಾಲಿನ ಚಡಪಡಿಕೆಯನ್ನು ಕೆರಳಿಸುತ್ತವೆ. ಒಂದು ಕಡೆ ಕಣ್ಣು ಎಳೆಯುತ್ತದೆ, ಇನ್ನೊಂದು ಕಡೆ ಕಾಲು ಎಳೆಯುತ್ತದೆ, ಸೀಟಿನಿಂದ ಏಳಲು ಮೈಯಲ್ಲಿ ತ್ರಾಣ ಇರುವುದಿಲ್ಲ. ವಾಂತಿಗೆ ಕೊಡುವ ಪೆರಿನಾರ್ಮ್ ಅಂದರೆ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸ್ಟೆಮೆಟಿಲ್ ಅಂದರೆ ಪ್ರೊಕ್ಲೋರ್‌ಪೆರಝೈನ್, ಇವೆರಡೂ ಡೋಪಮೈನನ್ನೇ ತಡೆಯುವ ಔಷಧಿಗಳು. ಅವೂ ಬೇಡ.

ಹಾಗಾದರೆ ವಾಂತಿಗೆ ಏನು? ಒಂಡಾನ್ಸೆಟ್ರಾನ್ ಅಥವಾ ಡೊಂಪೆರಿಡೋನ್ ನನಗೆ ಆಗುತ್ತಾ ಅಂತ ಡಾಕ್ಟರನ್ನು ಕೇಳಿ. ಹೃದಯದ ತೊಂದರೆ ಇರುವವರು ಅದನ್ನೂ ಹೇಳಿಯೇ ಕೇಳಿ. ನೆಗಡಿ, ಅಲರ್ಜಿಗೆ ಫೆಕ್ಸೊಫೆನಡಿನ್‌ನಂಥ ನಿದ್ದೆ ಬರಿಸದ ಮಾತ್ರೆಗಳಿವೆ. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳೂ ಕಾಲಿನ ಹಿಂಸೆ ಹೆಚ್ಚಿಸಬಹುದು. ಆದರೆ ಅವನ್ನು ನೀವಾಗಿ ನಿಲ್ಲಿಸಲೇಬೇಡಿ, ಬರೆದುಕೊಟ್ಟವರ ಹತ್ತಿರ ಮಾತಾಡಿ.

ಮೆಡಿಕಲ್ ಶಾಪಿನವರಿಗೆ ಪ್ರಯಾಣಕ್ಕೆ ಒಂದು ಮಾತ್ರೆ ಕೊಡಿ ಅಂತ ಕೇಳಿದರೆ ಅವರು ಕೊಡುವುದು ಬಹುಪಾಲು ಇವುಗಳಲ್ಲೇ ಒಂದನ್ನು. ತಪ್ಪು ಅವರದಲ್ಲ, ಅವರಿಗೆ ನಿಮ್ಮ ಕಾಲಿನ ವಿಷಯ ಗೊತ್ತಿಲ್ಲ. ಮೊದಲು ಅದನ್ನು ಹೇಳಿ, ಆಮೇಲೆ ಮಾತ್ರೆ ಕೇಳಿ.

ಡಾಕ್ಟರು ಔಷಧಿ ಕೊಟ್ಟಿದ್ದರೆ

ಕಬ್ಬಿಣ ಸರಿಮಾಡಿದರೂ ಹಿಂಸೆ ನಿಲ್ಲದವರಿಗೆ ಈಗ ಹೆಚ್ಚಾಗಿ ಗ್ಯಾಬಪೆಂಟಿನ್ ಅಥವಾ ಪ್ರೆಗಬಾಲಿನ್ ಕೊಡುತ್ತಾರೆ. ಮೊದಲೆಲ್ಲ ಪ್ರಮಿಪೆಕ್ಸೋಲ್, ರೋಪಿನಿರೋಲ್ ಕೊಡುವುದು ರೂಢಿಯಾಗಿತ್ತು. ಅವು ಶುರುವಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ವರ್ಷಗಟ್ಟಲೆ ತೆಗೆದುಕೊಂಡರೆ ಕಾಯಿಲೆಯೇ ಉಲ್ಬಣವಾಗುವ ಅಪಾಯ ಇದೆ. ರಾತ್ರಿ ಬರುತ್ತಿದ್ದದ್ದು ಮಧ್ಯಾಹ್ನವೇ ಬರುತ್ತದೆ, ಕಾಲಲ್ಲಿದ್ದದ್ದು ಕೈಗೂ ಹಬ್ಬುತ್ತದೆ. ನಿಮಗೆ ಹಾಗಾಗುತ್ತಿದ್ದರೆ ಪ್ರಯಾಣಕ್ಕೆ ಮುಂಚೆಯೇ ಡಾಕ್ಟರಿಗೆ ಹೇಳಿ. ಸಾಲದು ಅಂತ ಒಂದು ಮಾತ್ರೆ ಜಾಸ್ತಿ ನುಂಗುವುದಂತೂ ಬೇಡವೇ ಬೇಡ.

ಯಾವ ಔಷಧಿಯೇ ಇರಲಿ, ಮೊದಲ ಸಲ ವಿಮಾನದಲ್ಲಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ನೋಡಿ, ತಲೆ ಸುತ್ತುತ್ತದಾ, ನಡಿಗೆ ತೂರಾಡುತ್ತದಾ ಅಂತ. ಸಾಮಾನ್ಯವಾಗಿ ಹಿಂಸೆ ಶುರುವಾಗುವುದಕ್ಕೆ ಒಂದೆರಡು ಗಂಟೆ ಮುಂಚೆ ತೆಗೆದುಕೊಳ್ಳಬೇಕಾಗುತ್ತದೆ. ಶುರುವಾದ ಮೇಲೆ ಹುಡುಕುವ ಮಾತ್ರೆ ಅಲ್ಲ ಇದು.

ಮಾತ್ರೆ ಕೈಚೀಲದಲ್ಲೇ ಇರಲಿ, ಕಂಪನಿಯ ಸ್ಟ್ರಿಪ್ಪಿನಲ್ಲೇ ಇರಲಿ. ಡಬ್ಬಿಗೆ ಬಿಡಿಸಿ ತುಂಬಿಕೊಳ್ಳಬೇಡಿ. ಡಾಕ್ಟರ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಇರಬೇಕು. ಬ್ರಿಟನ್‌ನಲ್ಲಿ 2019ರ ಏಪ್ರಿಲ್‌ನಿಂದ ಗ್ಯಾಬಪೆಂಟಿನ್, ಪ್ರೆಗಬಾಲಿನ್ ಎರಡೂ ನಿಯಂತ್ರಿತ ಔಷಧಿಗಳು. ಗಲ್ಫ್ ದೇಶಗಳಲ್ಲಿ ನಿಯಮ ಇನ್ನೂ ಬಿಗಿ. ಅಲ್ಲಿ ಇಳಿದು ಊರೊಳಗೆ ಹೋಗುವವರು ಮೊದಲೇ ಅನುಮತಿ ಬೇಕಾ ಅಂತ ಆ ದೇಶದ ಸರ್ಕಾರಿ ಜಾಲತಾಣದಲ್ಲಿ ನೋಡಿಕೊಳ್ಳಲೇಬೇಕು.

ಡಾಕ್ಟರ ಹತ್ತಿರ ಹೋದಾಗಲೇ ಇಂಗ್ಲಿಷಿನಲ್ಲಿ ಎರಡು ಸಾಲಿನ ಪತ್ರವನ್ನೂ ಬರೆಸಿಕೊಳ್ಳಿ: ಇವರಿಗೆ ಈ ಕಾಯಿಲೆ ಇದೆ, ಆಗಾಗ ಎದ್ದು ನಡೆಯಬೇಕು, ದಯವಿಟ್ಟು ಐಲ್ ಸೀಟು (ಓಡಾಡುವ ದಾರಿಯ ಪಕ್ಕದ್ದು) ಕೊಡಿ ಅಂತ. ಚೆಕ್-ಇನ್ ಕೌಂಟರಿನಲ್ಲಿ ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ ಜಾಸ್ತಿ.

ಟಿಕೆಟ್: ಹೊತ್ತು ನೋಡಿ ಕೊಳ್ಳಿ

ಈ ಕಾಯಿಲೆಗೆ ಗಡಿಯಾರ ಇದೆ. ಬಹುಪಾಲು ಜನಕ್ಕೆ ಸಂಜೆ ಶುರುವಾಗಿ ನಡುರಾತ್ರಿಯ ಆಸುಪಾಸಿನಲ್ಲಿ ಜೋರಾಗುತ್ತದೆ. ಬೆಳಗಿನ ಜಾವ ಇಳಿಯತೊಡಗಿ ಬೆಳಗ್ಗೆ ಹೊತ್ತು ಕಡಿಮೆ ಇರುತ್ತದೆ. ಒಂದು ವಾರ ನಿಮ್ಮ ಕಾಲನ್ನು ಗಮನಿಸಿ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಬಿಟ್ಟಿತು ಅಂತ ಬರೆದಿಡಿ. ಆಮೇಲೆ ಟಿಕೆಟ್ ನೋಡಿ.

ರಾತ್ರಿ ಒಂಬತ್ತು ಹತ್ತಕ್ಕೆ ಹೊರಡುವ ವಿಮಾನ ನಮಗೆ ಎಲ್ಲಕ್ಕಿಂತ ಕೆಟ್ಟದ್ದು. ಹಿಂಸೆಯ ಗಂಟೆಗಳೆಲ್ಲ ಸೀಟಿನಲ್ಲೇ ಕಳೆಯಬೇಕು. ಬೆಳಗ್ಗೆ ಹೊರಡುವುದು ಸಿಕ್ಕರೆ ಕಣ್ಣು ಮುಚ್ಚಿ ಹಿಡಿಯಿರಿ. ಅದು ಸಿಗದಿದ್ದರೆ ನನ್ನ ಆಯ್ಕೆ ಬೆಳಗಿನ ಜಾವ ಎರಡು ಮೂರು ಗಂಟೆಗೆ ಹೊರಡುವುದು. ಕೇಳಿದರೆ ವಿಚಿತ್ರ ಅನ್ನಿಸಬಹುದು. ಆದರೆ ನಡುರಾತ್ರಿಯ ಆ ಕೆಟ್ಟ ಹೊತ್ತು ಏರ್‌ಪೋರ್ಟಿನಲ್ಲಿ ಕಳೆಯುತ್ತದೆ, ಅಲ್ಲಿ ಬೇಕಾದಷ್ಟು ನಡೆಯಬಹುದು. ವಿಮಾನ ಹತ್ತಿ, ಊಟ ಮುಗಿಯುವ ಹೊತ್ತಿಗೆ ದೇಹಕ್ಕೆ ಬೆಳಗಾಗಿರುತ್ತದೆ. ಪಶ್ಚಿಮಕ್ಕೆ ಹೋಗುವಾಗ ಕಿಟಕಿಯಾಚೆ ಇನ್ನೂ ಕತ್ತಲೇ ಇರುತ್ತದೆ. ಕಾಲಿಗೆ ಮಾತ್ರ ಬೆಂಗಳೂರಿನ ಗಡಿಯಾರವೇ. ಆಗ ಮೂರು ನಾಲ್ಕು ಗಂಟೆ ನಿದ್ದೆ ಸಿಗುವ ಸಾಧ್ಯತೆ ಚೆನ್ನಾಗಿದೆ.

ಅಮೆರಿಕಕ್ಕೆ ಹೋಗುವವರಿಗೆ ಇನ್ನೊಂದು ಲೆಕ್ಕ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 2021ರ ಜನವರಿಯಲ್ಲಿ ನೇರ ವಿಮಾನ ಶುರುವಾದಾಗ ಎಲ್ಲರಿಗೂ ಸಂಭ್ರಮ. ನಮ್ಮಂಥವರಿಗೆ ಒಂದೇ ಏಟಿಗೆ ಹದಿನಾರು ಗಂಟೆಗೂ ಮೀರಿ ಕೂರುವುದು ಕಷ್ಟ. ದುಬೈ ಮೂಲಕ ಹೋದರೂ ದೊಡ್ಡ ಲಾಭ ಇಲ್ಲ. ಮೊದಲ ತುಂಡು ನಾಲ್ಕು ಗಂಟೆ, ಎರಡನೆಯದು ಮತ್ತೆ ಹದಿನೈದು ಹದಿನಾರು. ಲಂಡನ್ನೋ ಫ್ರಾಂಕ್‌ಫರ್ಟೋ ಆದರೆ ಹತ್ತು, ಆಮೇಲೆ ಹನ್ನೊಂದು, ಹೆಚ್ಚು ಕಡಿಮೆ ಸಮಪಾಲು. ನಡುವೆ ಮೂರು ಗಂಟೆ ನಡೆಯಲು ಸಿಗುತ್ತದೆ. ನಾನು ಇದನ್ನೇ ಹೇಳುತ್ತೇನೆ. ಟ್ರಾನ್ಸಿಟ್ ವೀಸಾ ಬೇಕಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಸೀಟು

ಐಲ್ ಸೀಟು, ಬೇರೆ ಮಾತಿಲ್ಲ. ದುಡ್ಡು ಕೊಟ್ಟಾದರೂ ಮೊದಲೇ ಹಿಡಿಯಿರಿ. ಊರು ಸುತ್ತಿ ಬರುವ ದುಡ್ಡಿನಲ್ಲಿ ಎಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

ಯಾವ ಐಲ್ ಅನ್ನುವುದೂ ಮುಖ್ಯ. ಕಿಟಕಿ ಕಡೆಯ ಮೂರು ಸೀಟಿನ ಸಾಲಿನಲ್ಲಿ ಐಲ್ ಹಿಡಿದರೆ ಒಳಗಿನ ಇಬ್ಬರೂ ನಿಮ್ಮನ್ನು ದಾಟಿಯೇ ಹೋಗಬೇಕು. ನಿದ್ದೆ ಬಂದ ಹೊತ್ತಿಗೇ ಅವರು ಏಳುತ್ತಾರೆ. ಬೋಯಿಂಗ್ 787ರಲ್ಲಿ, ಏರ್‌ಬಸ್ ಎ350ರಲ್ಲಿ ಸಾಮಾನ್ಯವಾಗಿ ಮೂರು ಮೂರು ಮೂರರ ಸಾಲು. ಬೋಯಿಂಗ್ 777ರಲ್ಲಿ ಹೆಚ್ಚಾಗಿ ಮೂರು ನಾಲ್ಕು ಮೂರು. ಎರಡರಲ್ಲೂ ನಡುವಿನ ಗುಂಪಿನ ಐಲ್ ಒಳ್ಳೆಯದು. ಪಕ್ಕದವರೊಬ್ಬರನ್ನು ಬಿಟ್ಟರೆ ನಿಮ್ಮನ್ನು ಏಳಿಸುವವರಿಲ್ಲ.

ಹಿಂದಿನ ಗ್ಯಾಲಿಯ, ಅಂದರೆ ಊಟ ತಿಂಡಿ ಸಿದ್ಧ ಮಾಡುವ ಜಾಗದ, ಹತ್ತಿರದ ಸಾಲುಗಳನ್ನು ಜನ ಬೇಡ ಅನ್ನುತ್ತಾರೆ. ಬೆಳಕು, ಸದ್ದು, ಟಾಯ್ಲೆಟ್ ಓಡಾಟ. ನಮಗೆ ಅದೇ ಬೇಕು. ಎದ್ದರೆ ಮೂರು ಹೆಜ್ಜೆಗೆ ನಿಲ್ಲುವ ಜಾಗ, ನಿಂತವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ತೀರಾ ಕೊನೆಯ ಸಾಲು ಮಾತ್ರ ಬೇಡ, ಅದು ಎಷ್ಟೋ ವಿಮಾನಗಳಲ್ಲಿ ಹಿಂದಕ್ಕೆ ಬಾಗುವುದಿಲ್ಲ. ಎಮರ್ಜೆನ್ಸಿ ಬಾಗಿಲ ಪಕ್ಕದ ಸೀಟಿನಲ್ಲಿ ಕಾಲಿಗೆ ಜಾಗ ಇದೆ, ಆದರೆ ವಯಸ್ಸಾದವರಿಗೆ, ಸಹಾಯ ಬೇಕಾದವರಿಗೆ ಅದನ್ನು ಕೊಡುವುದಿಲ್ಲ.

ಕೈಚೀಲ

ಜಾಸ್ತಿ ಏನೂ ಬೇಡ. ಒಂದು ರಬ್ಬರ್ ಚೆಂಡು, ಟೆನ್ನಿಸ್ ಚೆಂಡಾದರೂ ಸರಿ. ಒಂದು ತೆಳು ಟವೆಲ್. ಖಾಲಿ ನೀರಿನ ಬಾಟಲಿ. ಸಡಿಲ ಪೈಜಾಮವೋ ಸಲ್ವಾರೋ, ಬಿಗಿಯಾದ ಜೀನ್ಸ್ ಬೇಡ. ಬ್ಯಾಟರಿಯ ಮಸಾಜರ್ ಇದ್ದರೆ ಅದು ಕೈಚೀಲದಲ್ಲೇ ಇರಬೇಕು, ಪವರ್ ಬ್ಯಾಂಕಿನ ಹಾಗೆ. ನೋವಿನ ಮುಲಾಮು ಚಿಕ್ಕದಿರಲಿ, ದ್ರವ ಪದಾರ್ಥಕ್ಕೆ 100 ಮಿಲಿಲೀಟರ್ ಮಿತಿ ಇದೆ. ವಾಸನೆ ಘಾಟಾದರೆ ಪಕ್ಕದವರಿಗೂ ಕಷ್ಟ, ನೆನಪಿರಲಿ.

ಮೊಣಕಾಲಿನ ಕೆಳಗಿನವರೆಗೆ ಬರುವ ಕಂಪ್ರೆಷನ್ ಸಾಕ್ಸ್ ಕೆಲವರಿಗೆ ಹಿತ. ಕಾಲಿನ ಊತವೂ ಇಳಿಯುತ್ತದೆ. ಸರಿಯಾದ ಅಳತೆಯದ್ದನ್ನು ಮನೆಯಲ್ಲಿ ಹಾಕಿ ನೋಡಿ. ಕಾಲಿನ ರಕ್ತನಾಳದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹಾಕಬಾರದು. ಮನೆಯಲ್ಲಿ ಮಾಡುವ ಹಾಗೆ ಮೀನಖಂಡಕ್ಕೆ ಬಟ್ಟೆ ಬಿಗಿದು ಕಟ್ಟುವುದು ವಿಮಾನದಲ್ಲಿ ಬೇಡ. ಒಂದೇ ಕಡೆ ಬಿಗಿದರೆ ರಕ್ತ ಅಲ್ಲೇ ನಿಲ್ಲುತ್ತದೆ.

ಹೊರಡುವ ದಿನ

ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಚಟ್ನಿಪುಡಿ, ಉಪ್ಪಿನಕಾಯಿ ತೂಕ ಹಾಕುತ್ತಾ ಕೂರಬೇಡಿ. ನಿದ್ದೆ ಕೆಟ್ಟರೆ ಕಾಲು ಕೆಣಕುತ್ತದೆ. ಪ್ಯಾಕಿಂಗ್ ಎರಡು ದಿನ ಮುಂಚೆ ಮುಗಿಯಲಿ. ಫಿಲ್ಟರ್ ಕಾಫಿ ಬೆಳಗಿನ ಒಂದು ಲೋಟಕ್ಕೆ ನಿಲ್ಲಿಸಿ. ಬಿಡುವುದು ಎಷ್ಟು ಕಷ್ಟ ಅಂತ ಗೊತ್ತು. ಒಂದು ದಿನದ ಮಟ್ಟಿಗೆ ತಡೆಯಿರಿ.

ಕೂರುವುದು ವಿಮಾನದಲ್ಲಿ ಶುರುವಾಗುವುದಿಲ್ಲ, ಕ್ಯಾಬಿನಲ್ಲೇ ಶುರು. ಬನಶಂಕರಿಯಿಂದಲೋ ಜಯನಗರದಿಂದಲೋ ದೇವನಹಳ್ಳಿಗೆ ಒಂದೂವರೆ ಎರಡು ಗಂಟೆ. ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಇನ್ನೂ ಜಾಸ್ತಿ. ಮುಂದಿನ ಸೀಟಿನಲ್ಲಿ ಕೂತು ಅದನ್ನು ಹಿಂದಕ್ಕೆ ಸರಿಸಿಕೊಳ್ಳಿ. ಹೊರಡುವ ಮುಂಚೆ ಮನೆ ಹತ್ತಿರ ಅರ್ಧ ಗಂಟೆ ನಡೆದು ಬನ್ನಿ. ಓಡುವುದು, ಜಿಮ್ಮಿನಲ್ಲಿ ಬೆವರು ಸುರಿಸುವುದು ಬೇಡ, ಅತಿಯಾದ ದಣಿವೂ ಕಾಲನ್ನು ಕೆರಳಿಸುತ್ತದೆ.

2023ರ ಸೆಪ್ಟೆಂಬರಿನಿಂದ ಬೆಂಗಳೂರಿನ ಅಂತಾರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿವೆ. ಬಿದಿರಿನ ಚಾವಣಿ, ತೂಗುವ ಗಿಡಗಳು, ವಿಶಾಲವಾದ ಜಾಗ. ನಮಗೆ ಅದು ನಡೆಯುವ ಜಾಗ. ಸೆಕ್ಯುರಿಟಿ ಮುಗಿದ ಮೇಲೆ ಲೌಂಜಿನ ಸೋಫಾದಲ್ಲಿ ಮುಳುಗಬೇಡಿ. ಗೇಟ್ ಎಲ್ಲಿ ಅಂತ ನೋಡಿಕೊಂಡು ಅತ್ತಿಂದಿತ್ತ ನಡೆಯಿರಿ.

ಇಲ್ಲೇ ಒಂದು ಮಾತು, ವಯಸ್ಸಾದ ಅಪ್ಪ ಅಮ್ಮನನ್ನು ಕಳಿಸುವ ಮಕ್ಕಳಿಗೆ. ಭಾಷೆ ಬರದು, ದಾರಿ ಗೊತ್ತಾಗದು ಅಂತ ವೀಲ್‌ಚೇರ್ ಬುಕ್ ಮಾಡುತ್ತೀರಿ. ನಿಮ್ಮ ಕಾಳಜಿ ಸರಿಯೇ. ಆದರೆ ಅಮ್ಮನಿಗೆ ಈ ಕಾಯಿಲೆ ಇದ್ದು, ನಡೆಯುವ ಶಕ್ತಿಯೂ ಇದ್ದರೆ, ವೀಲ್‌ಚೇರ್ ಅಂದರೆ ಅವರನ್ನು ಇನ್ನೂ ಎರಡು ಮೂರು ಗಂಟೆ ಕೂರಿಸಿದ ಹಾಗೆ. ಮೇಲಾಗಿ ವೀಲ್‌ಚೇರಿನವರನ್ನು ಎಲ್ಲರಿಗಿಂತ ಮೊದಲು ವಿಮಾನಕ್ಕೆ ಹತ್ತಿಸುತ್ತಾರೆ. ಅದೇ ವಿಮಾನಕ್ಕೆ ಹೋಗುವ ಕನ್ನಡದವರು ಯಾರಾದರೂ ಸಿಗುತ್ತಾರಾ ನೋಡಿ. ವೀಲ್‌ಚೇರ್ ಬೇಕೇ ಬೇಕು ಅಂದರೆ, ಗೇಟಿನ ಹತ್ತಿರ ಎದ್ದು ಓಡಾಡಬಹುದು ಅಂತ ಅಮ್ಮನಿಗೆ ಹೇಳಿ ಕಳಿಸಿ. ಎಷ್ಟೋ ಜನ ಎದ್ದರೆ ಬೈಯುತ್ತಾರೇನೋ ಅಂತ ಹಾಗೇ ಕೂತಿರುತ್ತಾರೆ.

ಬೋರ್ಡಿಂಗ್ ಕರೆದ ತಕ್ಷಣ ಸಾಲಿಗೆ ನುಗ್ಗಬೇಡಿ. ಕೊನೆಯಲ್ಲಿ ಹತ್ತಿ. ಅರ್ಧ ಗಂಟೆ ಕೂರುವುದು ಉಳಿಯುತ್ತದೆ. ಮೇಲೆ ಜಾಗ ಸಿಗದೆ ಹೋಗಬಹುದು, ಹಾಗಾಗಿ ಸೀಟಿನ ಕೆಳಗೆ ಹಿಡಿಯುವ ಚಿಕ್ಕ ಚೀಲ ಇಟ್ಟುಕೊಳ್ಳಿ.

ವಿಮಾನದೊಳಗೆ

ಹತ್ತಿದ ಕೂಡಲೇ ಗಗನಸಖಿಗೆ ಹೇಳಿಬಿಡಿ. ಇಂಗ್ಲಿಷ್ ತಡವರಿಸುವವರು ಇದನ್ನು ಬಾಯಿಪಾಠ ಮಾಡಿಕೊಳ್ಳಿ: "ಐ ಹ್ಯಾವ್ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ಐ ನೀಡ್ ಟು ಸ್ಟ್ಯಾಂಡ್ ಅಂಡ್ ವಾಕ್ ಆಫನ್." ಪಕ್ಕದವರಿಗೂ ಒಂದು ಮಾತು. ಹೇಳಿದ ಮೇಲೆ ನಿಮ್ಮ ಸಂಕೋಚ ಹೋಗುತ್ತದೆ, ಅವರ ಕಿರಿಕಿರಿಯೂ ಹೋಗುತ್ತದೆ.

ಸೀಟ್ ಬೆಲ್ಟ್ ದೀಪ ಉರಿಯುವ ಹೊತ್ತು ಕಷ್ಟದ್ದು. ಏರುವಾಗ ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ, ಇಳಿಯುವಾಗ ಅರ್ಧ ಗಂಟೆಗೂ ಮೀರಿ, ನಡುವೆ ವಿಮಾನ ಕುಲುಕಿದಾಗಲೆಲ್ಲ. ಆಗ ಏಳುವಂತಿಲ್ಲ. ಕೂತಲ್ಲೇ ಮಾಡುವುದು ಗೊತ್ತಿರಬೇಕು.

ನನಗೆ ಎಲ್ಲಕ್ಕಿಂತ ಕೈಹಿಡಿದದ್ದು ಕಾಲಲ್ಲಿ ಅಕ್ಷರ ಬರೆಯುವುದು. ಚಪ್ಪಲಿ ಬಿಟ್ಟು ಒಂದು ಪಾದವನ್ನು ನೆಲದಿಂದ ನಾಲ್ಕು ಬೆರಳು ಮೇಲೆತ್ತಿ. ಹೆಬ್ಬೆರಳೇ ಬಳಪ. ಗಾಳಿಯಲ್ಲಿ ಅ ಬರೆಯಿರಿ, ದೊಡ್ಡದಾಗಿ, ನಿಧಾನಕ್ಕೆ. ಆಮೇಲೆ ಆ, ಇ, ಈ. ನಮ್ಮ ಅಕ್ಷರಗಳೆಲ್ಲ ದುಂಡು, ಹಾಗಾಗಿ ಪಾದದ ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ. ಋ, ಣ, ಝ ಬರೆಯುವಾಗ ಮೀನಖಂಡದ ಬುಡದವರೆಗೆ ಕೆಲಸ ಸಿಗುತ್ತದೆ. ಸ್ವರಗಳು ಒಂದು ಕಾಲಲ್ಲಿ, ವ್ಯಂಜನಗಳು ಇನ್ನೊಂದರಲ್ಲಿ, ಆಮೇಲೆ ಅದಲು ಬದಲು. ಬರೆದ ಅಕ್ಷರದ ಮೇಲೇ ಮನಸ್ಸಿರಲಿ. ಮನಸ್ಸು ಒಂದು ಕಡೆ ನಿಂತಾಗ ಈ ಹಿಂಸೆ ಕಡಿಮೆಯಾಗುವುದು ಎಷ್ಟೋ ಜನರ ಅನುಭವ.

ಚೆಂಡನ್ನು ಅಂಗಾಲಿನ ಕೆಳಗಿಟ್ಟು ಹಿಮ್ಮಡಿಯಿಂದ ಬೆರಳಿನವರೆಗೆ ಒತ್ತಿ ಉರುಳಿಸಿ. ಏರುವಾಗ, ಇಳಿಯುವಾಗ ಮಾತ್ರ ಚೆಂಡು ಚೀಲದಲ್ಲಿರಲಿ, ಇಲ್ಲದಿದ್ದರೆ ಮುಂದಿನ ಸಾಲಿಗೆ ಉರುಳುತ್ತದೆ. ಟವೆಲನ್ನು ಪಾದದ ತುದಿಗೆ ಹಾಕಿ ಎರಡೂ ತುದಿ ಕೈಯಲ್ಲಿ ಹಿಡಿದು ನಿಮ್ಮ ಕಡೆ ಎಳೆಯಿರಿ, ಮೀನಖಂಡ ಚೆನ್ನಾಗಿ ಹಿಗ್ಗುತ್ತದೆ. ಎರಡೂ ಮೊಣಕಾಲು ಒಂದಕ್ಕೊಂದು ಒತ್ತಿ ಹತ್ತು ಎಣಿಸಿ ಬಿಡುವುದೂ ಆಗಬಹುದು.

ದೀಪ ಆರಿದ ಮೇಲೆ ನಿಯಮ ಒಂದೇ: ಕಾಲು ಕೇಳುವ ಮುಂಚೆ ಏಳಿ. ಹಿಂಸೆ ತಡೆಯಲಾಗದ ಹಂತಕ್ಕೆ ಬಂದ ಮೇಲೆ ಎದ್ದರೆ ಅದನ್ನು ಇಳಿಸಲು ಜಾಸ್ತಿ ಹೊತ್ತು ಬೇಕು. ಫೋನಿನಲ್ಲಿ ಮುಕ್ಕಾಲು ಗಂಟೆಗೊಮ್ಮೆ ಸದ್ದಿಲ್ಲದ ಅಲಾರಂ ಇಟ್ಟುಕೊಳ್ಳಿ. ಒಳ್ಳೆಯ ನಿದ್ದೆ ಬಂದಿದ್ದರೆ ಮಾತ್ರ ಅಲಾರಂ ಬೇಡ. ಹಿಂದಿನ ಗ್ಯಾಲಿಗೆ ಹೋಗಿ, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಇಪ್ಪತ್ತು ಸಲ. ಒಂದು ಕಾಲು ಹಿಂದಿಟ್ಟು ಹಿಮ್ಮಡಿ ನೆಲಕ್ಕೆ ಒತ್ತಿ ನಿಲ್ಲಿ. ಮಂಡಿ ಚೆನ್ನಾಗಿದ್ದರೆ ಅರ್ಧ ಬಸ್ಕಿ. ಗಗನಸಖಿಯರು ಗಾಡಿ ತಳ್ಳಿಕೊಂಡು ಬಂದರೆ ದಾರಿ ಬಿಡಿ. ಅದು ಅವರ ಕೆಲಸದ ಜಾಗ, ಮೊದಲು ಕೇಳಿ ನಿಂತರೆ ಬೇಡ ಅನ್ನುವವರು ಕಡಿಮೆ.

ಊಟದ ಟ್ರೇ ಮುಂದಿದ್ದರೆ ಏಳುವ ಹಾಗಿಲ್ಲ. ಉಂಡು ಮುಗಿದ ಮೇಲೂ ಅದು ಬಹಳ ಹೊತ್ತು ಅಲ್ಲೇ ಇರುತ್ತದೆ. ಊಟ ಬರುವ ಸುಳಿವು ಸಿಕ್ಕ ಕೂಡಲೇ ಒಂದು ಸುತ್ತು ನಡೆದು ಬಂದು ಕೂರಿ. ತಿಂದ ಕೂಡಲೇ ಟ್ರೇ ತೆಗೆದುಕೊಳ್ಳಿ ಅಂತ ಕೇಳಿ. ವೈನು, ಬಿಯರು ಪುಕ್ಕಟೆ ಸಿಕ್ಕರೂ ಬೇಡ, ಹೆಂಡ ಈ ಕಾಯಿಲೆಗೆ ಆಗದು. ಗ್ಯಾಬಪೆಂಟಿನ್, ಪ್ರೆಗಬಾಲಿನ್ ಜೊತೆಗಂತೂ ಅಪಾಯ. ಕೋಲಾದಲ್ಲೂ ಕಾಫಿಯಲ್ಲಿರುವ ಕೆಫೀನೇ ಇದೆ. ನೀರು ಕುಡಿಯಿರಿ. ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆ ಅನ್ನುವುದೂ ಲಾಭವೇ.

ಸುಮ್ನೆ ಸಿನಿಮಾ ನೋಡುತ್ತಾ ಕೂತರೆ ಕಾಲು ಬೇಗ ಎಚ್ಚರವಾಗುತ್ತದೆ. ಕೈಯೂ ತಲೆಯೂ ಓಡುವ ಕೆಲಸ ಹಿಡಿಯಿರಿ. ಪದಬಂಧ, ಸುಡೊಕು, ಕ್ರೋಶ, ಮನೆಯ ಖರ್ಚಿನ ಲೆಕ್ಕ. ಪಕ್ಕದವರು ಮಾತಿಗೆ ಸಿಕ್ಕರೆ ಅದಕ್ಕಿಂತ ಬೇಕಾ?

ಕೆಲವರಿಗೆ ಬಿಸಿ ಹಿತ, ಕೆಲವರಿಗೆ ತಂಪು. ಮನೆಯಲ್ಲೇ ನಿಮಗೆ ಯಾವುದು ಅಂತ ನೋಡಿಕೊಂಡಿರಿ. ಬಿಸಿ ಬೇಕಾದವರು ಬಾಟಲಿಗೆ ಬೆಚ್ಚಗಿನ ನೀರು ಹಾಕಿಸಿಕೊಂಡು, ಟವೆಲಿನಲ್ಲಿ ಸುತ್ತಿ ಮೀನಖಂಡಕ್ಕೆ ಆನಿಸಿಕೊಳ್ಳಬಹುದು. ಕುದ್ದ ನೀರು ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಇದನ್ನು ಮಾಡಲೇಬಾರದು, ಸುಟ್ಟರೂ ಗೊತ್ತಾಗುವುದಿಲ್ಲ.

ಒಂದು ಎಚ್ಚರ

ನಾಲ್ಕು ಗಂಟೆಗಿಂತ ಹೆಚ್ಚಿನ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎಲ್ಲರಿಗೂ ಸ್ವಲ್ಪ ಹೆಚ್ಚುತ್ತದೆ. ನಮ್ಮ ಕಾಲಿನ ಹಿಂಸೆ ಸಾಮಾನ್ಯವಾಗಿ ಆಡಿಸಿದರೆ ಕಡಿಮೆಯಾಗುತ್ತದೆ, ಊತ ತರುವುದಿಲ್ಲ. ಒಂದೇ ಕಾಲು ಊದಿ, ಮುಟ್ಟಿದರೆ ನೋವು, ಬಿಸಿ, ಕೆಂಪು ಕಂಡರೆ, ಆಡಿಸಿದರೂ ಹೋಗದಿದ್ದರೆ, ಇದು ಹಳೆಯದೇ ಅಂತ ಸುಮ್ಮನಿರಬೇಡಿ. ಇಳಿದ ಕೂಡಲೇ ಡಾಕ್ಟರಿಗೆ ತೋರಿಸಿ. ಇದು ಆಮೇಲೆ, ಕೆಲವು ದಿನ ಬಿಟ್ಟೂ ಬರಬಹುದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ವಿಮಾನದಲ್ಲೇ ತಕ್ಷಣ ಹೇಳಿ.

ಇಳಿದ ಮೇಲಿನ ಮೊದಲ ದಿನಗಳು

ಕ್ಯಾಲಿಫೋರ್ನಿಯಾಗೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಕಾಲಿನ ಗಡಿಯಾರ ಒಂದೇ ದಿನದಲ್ಲಿ ತಿರುಗುವುದಿಲ್ಲ. ಮೊದಲ ಕೆಲವು ದಿನ ಅಲ್ಲಿ ಮಟಮಟ ಮಧ್ಯಾಹ್ನ ಕಾಲು ಎಳೆಯಬಹುದು, ಇಲ್ಲಿ ಆಗ ನಡುರಾತ್ರಿ. ಕಾಯಿಲೆ ಜಾಸ್ತಿಯಾಯಿತು ಅಂತ ಗಾಬರಿ ಬೇಡ. ಬೆಳಗ್ಗೆ ಬಿಸಿಲಲ್ಲಿ ನಡೆಯಿರಿ, ಅಲ್ಲಿಯ ರಾತ್ರಿಗೇ ಮಲಗಿ, ನಿಧಾನಕ್ಕೆ ಹೊಂದುತ್ತದೆ. ಮಾತ್ರೆಯನ್ನು ಯಾವ ದಿನದಿಂದ ಅಲ್ಲಿಯ ಗಂಟೆಗೆ ಬದಲಿಸಬೇಕು ಅನ್ನುವುದನ್ನು ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ಬರೆಸಿಕೊಂಡಿರಿ. ಅಲ್ಲಿ ಇಳಿದ ಮೇಲೆ ಅಪಾಯಿಂಟ್‌ಮೆಂಟ್ ಸಿಗುವುದು ಸುಲಭ ಅಲ್ಲ.

ವಾಪಸ್ ಬರುವ ಟಿಕೆಟ್ಟಿನ ಲೆಕ್ಕ ಬೇರೆ. ತಿಂಗಳುಗಟ್ಟಲೆ ಇದ್ದು ಹೊರಟಾಗ ಕಾಲಿಗೆ ಆ ಊರಿನ ಗಡಿಯಾರ ಒಗ್ಗಿರುತ್ತದೆ. ಅಲ್ಲಿಂದ ಸಂಜೆ ಹೊರಡುವ ವಿಮಾನ ಹಿಡಿದರೆ ಹಿಂಸೆಯ ಹೊತ್ತೆಲ್ಲ ಮತ್ತೆ ಸೀಟಿನ ಮೇಲೆಯೇ. ಹೋಗುವ ಟಿಕೆಟ್ ಕೊಳ್ಳುವ ದಿನವೇ ಬರುವುದಕ್ಕೂ ಬೆಳಗ್ಗೆ ಹೊರಡುವುದು ಇದೆಯಾ ಅಂತ ನೋಡಿ, ಐಲ್ ಸೀಟನ್ನೂ ಆಗಲೇ ಹಿಡಿದಿಡಿ.